ಕಾಲಿಡುವಷ್ಟು ಜಾಗ

ರೈಲಿನಲ್ಲಿ ಕೂತವರು ಕಿಟಕಿಯಿಂದ ಹೊರಗೆ ನೋಡುತ್ತಾರೆ, ಎದುರಿಗೆ ಕೂತವರ ಮುಖ ನೋಡುತ್ತಾರೆ, ಟಿಕೆಟ್ ಎಲ್ಲಿಟ್ಟೆ ಎಂದು ಜೇಬು ತಡವಿಕೊಳ್ಳುತ್ತಾರೆ. ಹಳಿಯ ಅಡಿಯಲ್ಲಿ ಅಡ್ಡಡ್ಡ ಮಲಗಿರುವ ಸ್ಲೀಪರನ್ನು ಯಾರೂ ನೋಡುವುದಿಲ್ಲ. ನೋಡಬೇಕಾದ ಅಗತ್ಯವೂ ಇಲ್ಲ ಅನ್ನಿ. ಎರಡು ಹಳಿಗಳು ಒಂದರಿಂದೊಂದು ದೂರ ಸರಿಯದ ಹಾಗೆ ಹಿಡಿದುಕೊಂಡು, ಮೇಲೆ ಹೋಗುವ ಭಾರವನ್ನೆಲ್ಲ ಕೆಳಗಿನ ಜಲ್ಲಿಗೆ ದಾಟಿಸಿ, ಬಾಯಿ ಮುಚ್ಚಿಕೊಂಡು ಬಿದ್ದಿರುವುದೇ ಅದರ ಕೆಲಸ. ಅಂಥ ಸ್ಲೀಪರಿಗೆ, ಅದರಲ್ಲೂ ಉಕ್ಕಿನದಕ್ಕೆ, ಮೂವತ್ತಾರು ವರ್ಷ ಕೂತು ನಕ್ಷೆ ಬರೆದವಳೊಬ್ಬಳ ಕತೆ ಇದು.

ನೆಂಟರ ಮನೆಯಲ್ಲಿ ಯಾರಾದರೂ ಹೊಸಬರು ಸಿಕ್ಕರೆ ಮಾತು ಹೀಗೆ ಶುರುವಾಗುತ್ತಿತ್ತು.

"ನೀವೇನು ಕೆಲಸ ಮಾಡ್ತೀರಿ?"

"ರೈಲ್ವೆಗೆ ನಕ್ಷೆ ಬರೀತೀನಿ."

"ಓ, ರೈಲಿನ ನಕ್ಷೆನಾ?"

"ಅಲ್ಲ. ರೈಲಿನ ಕೆಳಗೆ ಹಳಿ ಇರುತ್ತಲ್ಲ, ಅದರ ಕೆಳಗಿಂದು."

"ಅದಕ್ಕೂ ನಕ್ಷೆ ಬೇಕಾ?"

ಮೊದಮೊದಲು ಅವಳು ವಿವರಿಸಲು ಹೋಗುತ್ತಿದ್ದಳು. ದಪ್ಪ ಎಷ್ಟು, ಬಾಗು ಎಷ್ಟು, ಕೀಲಿ ಕೂರುವ ತೂತು ಎಲ್ಲಿ ಎಂದು ಕೈಯಲ್ಲೇ ಅಳತೆ ತೋರಿಸುವಷ್ಟರಲ್ಲಿ ಕೇಳಿದವರು ಪಕ್ಕದವರ ಕಡೆ ತಿರುಗಿರುತ್ತಿದ್ದರು. ವಯಸ್ಸಾದ ಮೇಲೆ "ಹೂಂ, ಬೇಕಂತೆ" ಎಂದು ತಟ್ಟೆ ಕಡೆ ನೋಡುವುದನ್ನು ಕಲಿತಳು.

ಕಚೇರಿಯಲ್ಲಿ ಅವಳಿಗೆ ರಬ್ಬರಮ್ಮ ಎಂದು ಹೆಸರು. ಉದ್ದನೆಯ ಒಂದು ಹಾಲು, ಒಂದು ಪಕ್ಕಕ್ಕೆ ಮಾತ್ರ ಕಿಟಕಿ, ಇಳಿಜಾರಾಗಿ ನಿಂತ ಹನ್ನೆರಡು ಹಲಗೆ, ಹಲಗೆಗೊಂದು ಕತ್ತು ಬಾಗಿದ ದೀಪ. ಗೆರೆ ಎಳೆಯಲು ಅಲ್ಲಿ ಎಲ್ಲರಿಗೂ ಬರುತ್ತಿತ್ತು. ಎಳೆದ ಗೆರೆಯ ಮೇಲೆ ಅನುಮಾನ ಪಡುವುದು ಇವಳೊಬ್ಬಳಿಗೇ ಬರುತ್ತಿತ್ತು. ಎಳೆಯುವಳು, ಕಣ್ಣು ಕಿರಿದು ಮಾಡಿ ನೋಡುವಳು, ಅಳಿಸುವಳು, ಮತ್ತೆ ಎಳೆಯುವಳು. ಹಾಳೆ ಸವೆದು ಆಚೆ ಬದಿ ಕಾಣುವ ಹಾಗಾದಾಗ ಅಕ್ಕಪಕ್ಕದವರು ನಗುತ್ತಿದ್ದರು. ಅವಳ ಸ್ಟೂಲಿನ ಕೆಳಗೆ ಸಂಜೆ ಹೊತ್ತಿಗೆ ಒಂದು ಹಿಡಿ ರಬ್ಬರ್ ಪುಡಿ ಬಿದ್ದಿರುತ್ತಿತ್ತು. ಗುಡಿಸುವವಳು ದಿನವೂ ಬೈದುಕೊಂಡೇ ಗುಡಿಸುತ್ತಿದ್ದಳು.

ಈಗ ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಸೊಂಟ ಹಲಗೆಯ ಇಳಿಜಾರಿಗೇ ಒಗ್ಗಿ ಹೋಗಿ, ನೆಟ್ಟಗೆ ನಿಂತರೆ ನೋಯುತ್ತಿತ್ತು. ಕನ್ನಡಕ ಮೂರು ಸಲ ಬದಲಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಅದೇ ಆ ದಿನದ ಭಾಗ್ಯ. ನಿದ್ದೆ ಮಾಡಿದರೂ ಹೋಗದ ಸುಸ್ತು ಅಂತ ಒಂದಿದೆಯಲ್ಲ, ಅದು ಅವಳ ಮೈಗೆ ಇಳಿದು ಎಷ್ಟೋ ವರ್ಷವಾಗಿತ್ತು. ಇನ್ನು ಸಾಕು, ಯಾವ ಗೆರೆಯನ್ನೂ ಎಳೆಯದೆ ಒಂದು ಮಧ್ಯಾಹ್ನ ಸುಮ್ಮನೆ ಗೋಡೆ ನೋಡಿಕೊಂಡು ಕೂರಬೇಕು ಅಂತ ಅವಳಿಗೆ ಆಸೆ. ಆದರೆ ಒಂದು ಕೆಲಸ ಬಾಕಿ ಇತ್ತು. ಆ ಕೆಲಸದಲ್ಲಿ ತಮ್ಮನ ಕಾಲು ಸಿಕ್ಕಿಕೊಂಡಿತ್ತು.

ತಮ್ಮ ಕೀಮನ್. ಕೀಮನ್ ಅಂದರೆ ತನ್ನ ಪಾಲಿನ ಹಳಿಯುದ್ದಕ್ಕೂ ದಿನವೂ ನಡೆದು, ಹಳಿಯನ್ನು ಸ್ಲೀಪರಿಗೆ ಬಿಗಿದಿರುವ ಕೀಲಿಗಳನ್ನು ನೋಡಿ, ಸಡಿಲವಾದದ್ದನ್ನು ಸುತ್ತಿಗೆಯಿಂದ ಬಡಿದು ಕೂರಿಸುವವನು. ಹೋಗುತ್ತಾ ಆರು ಕಿಲೋಮೀಟರು, ಬರುತ್ತಾ ಆರು. ಅದೇ ದಾರಿಯಲ್ಲಿ ಅವರ ಅಪ್ಪನೂ ನಡೆದಿದ್ದ. ಅಪ್ಪನ ಕಾಲಕ್ಕೆ ಮರದ ಸ್ಲೀಪರ್. ಮರ ಒಡೆಯುತ್ತಿತ್ತು, ಕೊಳೆಯುತ್ತಿತ್ತು, ಆದರೆ ಕಾಲನ್ನು ಹಿಡಿದುಕೊಳ್ಳುತ್ತಿತ್ತು.

ಉಕ್ಕಿನದು ಹಾಗಲ್ಲ. ದಪ್ಪ ತಗಡನ್ನು ಕೆಂಪಗೆ ಕಾಯಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಮಗುಚಿಟ್ಟ ಬಾನಿಯ ಆಕಾರಕ್ಕೆ ಬರುತ್ತದೆ. ಹೊಟ್ಟೆಯೊಳಗೆ ಜಲ್ಲಿ ತುಂಬಿ ಕೂರಿಸುತ್ತಾರೆ. ಐವತ್ತು ವರ್ಷ ಬಾಳುತ್ತದೆ, ಬೇಡವಾದರೆ ಕರಗಿಸಿ ಮತ್ತೆ ಬಳಸಬಹುದು. ಎಲ್ಲ ಸರಿ, ಬೆನ್ನು ಮಾತ್ರ ನುಣುಪು. ರೈಲು ಉದುರಿಸಿದ ಎಣ್ಣೆ, ಬ್ರೇಕಿನ ಪುಡಿ, ಮೇಲೊಂದು ಹನಿ ಮಳೆ ಸೇರಿತೋ, ಸಾಬೂನಿನ ಮೇಲೆ ಕಾಲಿಟ್ಟ ಹಾಗೆ. ಪಕ್ಕದ ಜಲ್ಲಿಯ ಮೇಲೆ ನಡೆಯೋಣವೆಂದರೆ ಕಲ್ಲು ಉರುಳಿ ಕಣಕಾಲು ಹೊರಳುತ್ತದೆ. ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಅವುಗಳ ನಡುವಿನ ಅಂತರವೋ, ರೈಲಿನ ಭಾರ ನೋಡಿ ಇಟ್ಟದ್ದು, ಮನುಷ್ಯನ ಹೆಜ್ಜೆ ನೋಡಿ ಅಲ್ಲ. ಒಂದೊಂದರ ಮೇಲೂ ಇಟ್ಟರೆ ಹೆಜ್ಜೆ ಗಿಡ್ಡ, ಒಂದು ಬಿಟ್ಟು ಒಂದಕ್ಕೆ ಇಟ್ಟರೆ ದಾಪುಗಾಲು.

ಎರಡು ವರ್ಷದ ಹಿಂದೆ ಒಂದು ಮಳೆಯ ಬೆಳಿಗ್ಗೆ ತಮ್ಮ ಜಾರಿ ಬಿದ್ದ. ಮಂಡಿಚಿಪ್ಪು ಹಳಿಗೆ ಬಡಿದು ಎರಡಾಯಿತು. ಮೂರು ತಿಂಗಳು ಮಲಗಿ ಎದ್ದ. ಡಾಕ್ಟರು ಹೇಳಿದ್ದು ಇಷ್ಟೇ: "ಇನ್ನೊಂದು ಸಲ ಬಿದ್ರೆ ಈ ಕಾಲು ನಡೆಯೋ ಕಾಲಲ್ಲ." ಅವನ ಸರ್ವೀಸು ಇನ್ನೂ ನಾಲ್ಕು ವರ್ಷ ಇತ್ತು. ನಡೆಯಲು ಬಾರದ ಕೀಮನ್‌ನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಕ್ಕ ತಮ್ಮನ ಮನೆಯಲ್ಲೇ ಇದ್ದಳು. ಮದುವೆಯ ಮಾತು ಬಂದು ಹೋಗಿ ಎಷ್ಟೋ ಕಾಲವಾಗಿತ್ತು. ಬೆಳಿಗ್ಗೆ ಅವನು ಮಂಡಿಗೆ ಪಟ್ಟಿ ಸುತ್ತಿಕೊಳ್ಳುವುದನ್ನು ಅವಳು ನೋಡುತ್ತಿದ್ದಳು. ಮೋಡ ಕಟ್ಟಿದ ದಿನ ತಮ್ಮನ ಹೆಂಡತಿ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು.

ಆ ಹೊತ್ತಿಗೆ ಹೊಸ ಸ್ಲೀಪರಿನ ನಕ್ಷೆ ಇವಳ ಹಲಗೆಗೆ ಬಂತು. ಹಳೆಯವನ್ನು ಕಿತ್ತು ಹೊಸವನ್ನು ಹಾಕುವ ಮೂರು ಜಾಗಗಳಲ್ಲಿ ಮೊದಲನೆಯದು ಸೇತುವೆ ಪಕ್ಕದ ತಿರುವು, ತಮ್ಮನ ಪಾಲಿನ ದಾರಿ. ಅವನು ಬಿದ್ದದ್ದೂ ಅಲ್ಲೇ.

ರಬ್ಬರಮ್ಮ ಸ್ಲೀಪರಿನ ಬೆನ್ನ ಮೇಲೆ, ಎರಡು ಹಳಿಗಳ ನಡುವೆ, ಸಣ್ಣ ಉಬ್ಬುಗೆರೆಗಳನ್ನು ಬರೆದಳು. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಚೀಫ್ ಅನ್ನುತ್ತಿದ್ದರು. ಅವರು ಕೆಂಪು ಪೆನ್ಸಿಲಿನಿಂದ ಒಂದು ಸುತ್ತು ಹಾಕಿದರು.

"ಇದೇನ್ರೀ ಇದು?"

"ಕಾಲು ಜಾರದ ಹಾಗೆ ಸಾರ್."

"ಯಾರ ಕಾಲು? ರೈಲಿಗೆ ಕಾಲಿಲ್ಲವಲ್ಲ."

ಹಾಲಿನಲ್ಲಿ ನಾಲ್ಕು ಹಲಗೆಯವರು ನಕ್ಕರು. ಗೆರೆಗಳು ಹೋದವು.

ಎರಡನೇ ಸಲ ಅವಳು ಜಾರಿ ಬಿದ್ದವರ ಪಟ್ಟಿ ಹಿಡಿದುಕೊಂಡು ಹೋದಳು. ಐದು ವರ್ಷದಲ್ಲಿ ಹದಿನೇಳು ಜನ. ಚೀಫ್ ಪಟ್ಟಿಯನ್ನು ಪೂರ್ತಿ ಓದಿದರು, ಸುಳ್ಳು ಹೇಳಬಾರದು. ಓದಿ, ಈ ಗೆರೆ ಒತ್ತಲು ಪ್ರೆಸ್ಸು ಇನ್ನೊಂದು ಪೆಟ್ಟು ಹಾಕಬೇಕು, ಲಕ್ಷಗಟ್ಟಲೆ ಸ್ಲೀಪರಿಗೆ ಲಕ್ಷಗಟ್ಟಲೆ ಪೆಟ್ಟು, ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಅಂದರು. "ಅಲ್ಲದೆ ನಿಯಮದ ಪುಸ್ತಕದಲ್ಲಿ ಕೀಮನ್ ಪಕ್ಕದ ಕಾಲುದಾರಿಯಲ್ಲಿ ನಡೀಬೇಕು ಅಂತಿದೆ."

"ದಾರಿ ಪುಸ್ತಕದಲ್ಲಿದೆ ಸಾರ್. ನೆಲದ ಮೇಲಿಲ್ಲ."

"ಅದು ನನ್ನ ವಿಭಾಗ ಅಲ್ಲ."

ಮೂರನೇ ಸಲ ಮರಳು ಬೆರೆಸಿದ ಬಣ್ಣ ಬಳಿಯುವ ಸಲಹೆ ಕೊಟ್ಟಳು. ನಾಲ್ಕು ಸ್ಲೀಪರಿಗೆ ಬಳಿದು ನೋಡಿದರು. ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದು ಬಂತು. ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯಿತು. ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಅವಳಿಗೆ ಅದರ ಖುಷಿ ಇರಲಿಲ್ಲ.

ದಾರಿ ಹೊಳೆದದ್ದು ಹಳೆಯ ಫೈಲೊಂದರಿಂದ. ಪ್ರತಿ ಸ್ಲೀಪರಿನ ಮೇಲೂ ಕಾರ್ಖಾನೆಯ ಗುರುತು, ವರ್ಷ, ಮಾದರಿಯ ಸಂಖ್ಯೆ ಉಬ್ಬಕ್ಷರದಲ್ಲಿ ಇರಲೇಬೇಕು. ಇದು ನಿಯಮ, ಇದನ್ನು ಯಾರೂ ಹೊಡೆದುಹಾಕುವಂತಿಲ್ಲ. ಎಷ್ಟೋ ಕಾಲದಿಂದ ಆ ಅಕ್ಷರಗಳು ಬೆರಳುಗುರಿನಷ್ಟು ಸಣ್ಣಗೆ, ಸ್ಲೀಪರಿನ ತುದಿಯಲ್ಲಿ, ಜಲ್ಲಿ ಮುಚ್ಚಿಕೊಳ್ಳುವ ಕಡೆ ಇದ್ದವು. ವರ್ಷ ಓದಬೇಕಾದರೆ ಕೂತು ಜಲ್ಲಿ ಕೆದಕಬೇಕು, ಬೆನ್ನು ಬಿದ್ದುಹೋಗುತ್ತದೆ ಎಂದು ಇನ್‌ಸ್ಪೆಕ್ಟರುಗಳು ಮೂವತ್ತು ವರ್ಷದಿಂದ ಬರೆದ ದೂರುಗಳು ಆ ಫೈಲಿನಲ್ಲಿ ದಾರ ಕಟ್ಟಿಸಿಕೊಂಡು ಮಲಗಿದ್ದವು. ಇನ್‌ಸ್ಪೆಕ್ಟರ ಬೆನ್ನು ನೋಯುತ್ತದೆ ಅಂದರೆ ಕಚೇರಿಗೆ ಅರ್ಥವಾಗುತ್ತದೆ. ಕೀಮನ್‌ನ ಮಂಡಿ ಬೇರೆ ಭಾಷೆ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂದುಕೊಂಡು ರಬ್ಬರಮ್ಮ ಹೊಸ ಹಾಳೆ ಅಂಟಿಸಿದಳು. ಗುರುತನ್ನು ತುದಿಯಿಂದ ತೆಗೆದು ನಡುವಿಗೆ ತಂದಳು, ನಡೆಯುವವನ ಕಾಲು ಸರಿಯಾಗಿ ಬೀಳುವ ಜಾಗಕ್ಕೆ. ಎರಡು ಸಾಲು, ಎಂಟು ಅಕ್ಷರ, ಒಂದೊಂದೂ ಅಂಗೈಯಷ್ಟು. ಮೂರು ಮಿಲಿಮೀಟರ್ ಉಬ್ಬು. ನೀರು ನಿಲ್ಲುವ ದುಂಡು ಕಡಿಮೆ, ಪಾದಕ್ಕೆ ಅಡ್ಡ ಬರುವ ಗೆರೆ ಹೆಚ್ಚು. ಗುರುತಿನ ಪೆಟ್ಟು ಹೇಗೂ ಬೀಳಲೇಬೇಕಲ್ಲ, ಹಾಗಾಗಿ ಪ್ರೆಸ್ಸಿಗೆ ಹೆಚ್ಚಿನ ಪೆಟ್ಟಿಲ್ಲ. ಒಂದೊಂದು ಅಕ್ಷರಕ್ಕೂ ಒಂದೊಂದು ದಿನ ತೆಗೆದುಕೊಂಡಳು. ಅಕ್ಷರಗಳನ್ನು ನಿಜ ಅಳತೆಯಲ್ಲೇ ಬರೆದ ಹಾಳೆಯನ್ನು ನೆಲಕ್ಕೆ ಹಾಸಿ, ಸುತ್ತ ಯಾರೂ ಇಲ್ಲದ್ದು ನೋಡಿ, ಚಪ್ಪಲಿ ಬಿಟ್ಟು ಅದರ ಮೇಲೆ ಪಾದ ಇಟ್ಟು ನೋಡಿದಳು. ನಾಲ್ಕು ಅಕ್ಷರ ಪಾದದಡಿಗೆ ಬಂದವು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಒಂದು ಗೆರೆಯನ್ನೂ ಅಳಿಸಬೇಕು ಅನ್ನಿಸಲಿಲ್ಲ.

ಕೊನೆಯಲ್ಲಿ ಚೀಫ್ ಕೇಳುವ ಮೊದಲೇ ಕಾರಣ ಬರೆದಿಟ್ಟುಬಿಡೋಣ ಎಂದು ಬಲಮೂಲೆಯಲ್ಲಿ ಜಾಗ ಮಾಡಿಕೊಂಡಳು. ಅಲ್ಲಿದ್ದದ್ದನ್ನು ಅಳಿಸಿ ಸ್ವಲ್ಪ ಆಚೆಗೆ ಸರಿಸಿ, "ತಪಾಸಣೆಯ ವೇಳೆ ಸುಲಭವಾಗಿ ಓದಲು ಗುರುತನ್ನು ಮಧ್ಯಕ್ಕೆ ತರಲಾಗಿದೆ" ಎಂದು ಬರೆದಳು. ನಿಯತ್ತಿನ ಮನುಷ್ಯರು ಸುಳ್ಳು ಹೇಳುವಾಗ ಹೀಗೇ, ಬೇಕಾದ್ದಕ್ಕಿಂತ ಒಂದು ಸಾಲು ಹೆಚ್ಚು ಹೇಳುತ್ತಾರೆ.

ನಕ್ಷೆ ಮೊದಲು ಹೋದದ್ದು ಚೆಕರ್ ಹತ್ತಿರ. ಚೆಕರ್ ಅಂದರೆ ಎಲ್ಲರ ನಕ್ಷೆಯ ಅಳತೆಗಳನ್ನು ತಾಳೆ ನೋಡುವ ಮುದುಕರು, ಸೀಸೆಯ ತಳದಂಥ ಕನ್ನಡಕ. ಅಕ್ಷರದ ಮೇಲೆ ಸ್ಕೇಲಿಟ್ಟು ಅಳೆದರು, ಇನ್ನೊಂದು ಸಲ ಅಳೆದರು.

"ಇಷ್ಟು ದೊಡ್ಡ ಅಕ್ಷರ ಯಾರಿಗಮ್ಮ?"

"ಕಣ್ಣು ಮಂದ ಆದೋರಿಗೆ."

"ಕಣ್ಣಿಗೋ, ಕಾಲಿಗೋ?"

ಅವಳು ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದಳು. ಅವರು ಸಹಿ ಮಾಡಿ, ಶಾಯಿ ಆರಲಿ ಎಂದು ಉಫ್ ಅಂತ ಊದಿ ಕೊಟ್ಟರು. ಚೀಫ್ ಮೂಲೆಯಲ್ಲಿದ್ದ ಕಾರಣ ಓದಿ, "ನೋಡಿ, ಇದು ಉಪಯೋಗದ ಕೆಲಸ" ಎಂದು ಮೆಚ್ಚಿಕೊಂಡು ಸಹಿ ಹಾಕಿದರು. ಆ ಸಂಜೆ ಅವಳು ತಮ್ಮನಿಗೆ "ಇನ್ನು ಎರಡು ತಿಂಗಳು ಹುಷಾರಾಗಿ ನಡಿ, ಆಮೇಲೆ ಪರವಾಗಿಲ್ಲ" ಅಂದಳು. ಅವನಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದ. ಅಕ್ಕ ಹೇಳಿದ್ದಕ್ಕೆ ತಲೆಯಾಡಿಸುವುದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಇಲ್ಲಿ ದೈವದ ಪಾಲೇನೂ ಇರಲಿಲ್ಲ. ಏಳು ವಾರದ ಮೇಲೆ, ಈ ಸಲ ಕೆಲಸ ಸಿಕ್ಕಿದ್ದ ಹೊಸ ಪ್ರೆಸ್ ಕಾರ್ಖಾನೆಯಿಂದ ಡೈ ಮೇಸ್ತ್ರಿಯ ಫೋನು ಬಂತು. ತಗಡು ಒತ್ತುವ ಅಚ್ಚನ್ನು ಕೆತ್ತುವವನು ಅವನೇ.

"ಅಮ್ಮಾ, ಒಂದು ಎಡವಟ್ಟಾಗಿದೆ. ಅಕ್ಷರ ಎಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಬಂದಿದೆ. ಉಬ್ಬೂ ಇಲ್ಲ, ತಗ್ಗು."

"ತಗ್ಗಾ?"

"ಹೊಟ್ಟೆ ಒಳಗೆ ಉಬ್ಬಿದೆ, ಬೆನ್ನ ಮೇಲೆ ತಗ್ಗು. ನೀವು ಬರೆದ ಹಾಗೇ ಮಾಡಿದ್ದೀವಿ ಅಮ್ಮಾ. ಇನ್‌ಸ್ಪೆಕ್ಟರ್ ಬಂದು ನೋಡಿ ನಿಲ್ಲಿಸು ಅನ್ನೋಷ್ಟರಲ್ಲಿ ನಾನೂರು ಒತ್ತಿ ಆಗಿತ್ತು. ಈಗ ನನ್ನ ತಲೆಗೆ ಕಟ್ತಾರೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ವಸ್ತುವನ್ನು ಎದುರಿನಿಂದ ನೋಡಿದ ಚಿತ್ರ ಬರೆದ ಮೇಲೆ, ಮೇಲಿನಿಂದ ನೋಡಿದ ಚಿತ್ರವನ್ನು ಹಾಳೆಯಲ್ಲಿ ಎಲ್ಲಿಡಬೇಕು? ಇವಳ ಕಚೇರಿಯ ಪದ್ಧತಿಯಲ್ಲಿ ಕೆಳಗೆ. ಆ ಹೊಸ ಕಾರ್ಖಾನೆಯ ಪದ್ಧತಿಯಲ್ಲಿ ಮೇಲೆ. ಅವರ ಲೆಕ್ಕದಲ್ಲಿ ಕೆಳಗಿಟ್ಟ ಚಿತ್ರವೆಂದರೆ ವಸ್ತುವನ್ನು ಅಡಿಯಿಂದ ನೋಡಿದ್ದು. ಎರಡೂ ಸರಿಯೇ. ಯಾವ ಪದ್ಧತಿ ಅಂತ ತಿಳಿಸಲು ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಒಂದು ಪುಟ್ಟ ಚಿಹ್ನೆ ಇರುತ್ತದೆ. ತೂತು, ಅಂಚು, ಅಳತೆಗಳು ಮೇಲಿನಿಂದ ನೋಡಿದರೂ ಅವೇ, ಅಡಿಯಿಂದ ನೋಡಿದರೂ ಅವೇ. ಅಕ್ಷರ ಹಾಗಲ್ಲ.

ಅವಳು ಮೂಲ ನಕ್ಷೆಯನ್ನು ಬೀರುವಿನಿಂದ ತೆಗೆದು ಬೆಳಕಿಗೆ ಹಿಡಿದಳು. ಬಲಮೂಲೆಯಲ್ಲಿ ಅವಳ ಅಂದವಾದ ಸುಳ್ಳು ಇತ್ತು. ಅದರ ಕೆಳಗೆ ಚಿಹ್ನೆ ಇದ್ದ ಜಾಗದಲ್ಲಿ ಉಜ್ಜಿ ಉಜ್ಜಿ ಹೊಳಪು ಬಂದಿದ್ದ ಒಂದು ಬೋಳು. ಅಳಿಸಿದ್ದವುಗಳಲ್ಲಿ ಉಳಿದದ್ದನ್ನೆಲ್ಲ ಆಚೆ ಸರಿಸಿ ಬರೆದಿದ್ದಳು, ಚಿಹ್ನೆಯನ್ನು ಮರೆತಿದ್ದಳು. ಚೆಕರ್ ಅಕ್ಷರದ ಕಡೆ ನೋಡಿದ್ದರು, ಚೀಫ್ ಕಾರಣದ ಕಡೆ ನೋಡಿದ್ದರು. ಮೂವತ್ತಾರು ವರ್ಷದಲ್ಲಿ ಆ ಚಿಹ್ನೆ ಬಿಟ್ಟದ್ದು ಇದೊಂದೇ ಸಲ. ಅವಳಿಗೆ ಅಳು ಬರಲಿಲ್ಲ, ಕೂತುಕೊಳ್ಳಬೇಕು ಅನ್ನಿಸಿತು. ಕೂತಳು.

ಆಮೇಲೆ ಎದ್ದು ಚೀಫ್ ಕೋಣೆಗೆ ಹೋದಳು. "ತಪ್ಪು ಮೇಸ್ತ್ರಿದಲ್ಲ ಸಾರ್. ಚಿಹ್ನೆ ಬಿಟ್ಟಿದ್ದು ನಾನು" ಎಂದು ನಕ್ಷೆಯನ್ನು ಮೇಜಿನ ಮೇಲಿಟ್ಟಳು.

ಚೀಫ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರಿಗೂ ವಯಸ್ಸಾಗಿತ್ತು. "ಆಗುತ್ತೆ ಬಿಡಿ. ದೊಡ್ಡದು ಮಾಡಬೇಡಿ. ಅಕ್ಷರದ ಅಚ್ಚು ತಿರುಗಿಸಿ ಕೆತ್ತಲಿ. ತಗ್ಗಾಗೇ ಇರಲಿ, ಏನೀಗ? ಓದೋಕೆ ಬಂದ್ರೆ ಸಾಕಲ್ಲ."

ನ್ಯಾಯವಾದ ಮಾತು. ಓದುವುದಕ್ಕೆ ತಗ್ಗಾದರೇನು, ಉಬ್ಬಾದರೇನು? ಕಾರಣ ಅಂತ ಬರೆದದ್ದು ಓದುವುದನ್ನೇ. ತಲೆಯಾಡಿಸಿ ಹೊರಗೆ ಬಂದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತಿತ್ತು, ಲಕ್ಷ ಸ್ಲೀಪರುಗಳು ಮೊದಲಿಗಿಂತ ಹೆಚ್ಚು ಜಾರುತ್ತಿದ್ದವು. ನಿಜ ಹೇಳಿದರೆ ಕೆಂಪು ಪೆನ್ಸಿಲು ಪಕ್ಕದಲ್ಲೇ ಇತ್ತು. ಅವಳಿಗೆ ಜಾಣತನ ಮಾಡಿ ಮಾಡಿ ಸಾಕಾಗಿತ್ತು.

"ಓದೋಕಲ್ಲ ಸಾರ್ ಅದು. ಕಾಲಿಡೋಕೆ."

ಚೀಫ್ ನಕ್ಷೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಅಕ್ಷರಗಳನ್ನು ಒಂದೊಂದಾಗಿ ನೋಡಿದರು.

"ಎರಡು ಸಲ ಹೊಡೆದುಹಾಕಿದ್ದೆ ನಾನು. ಮೂರನೇ ಸಲ ಬಣ್ಣ ನಿಲ್ಲಲಿಲ್ಲ."

"ಹೌದು ಸಾರ್."

"ನಾಲ್ಕನೇ ಸಲ ನನ್ನ ಕೈಲೇ ಸಹಿ ಹಾಕಿಸ್ಕೊಂಡ್ರಿ. ನಾನು ಹೊಗಳಿಯೂ ಬಿಟ್ಟೆ. ಏನಂದ್ಕೊಂಡಿದ್ದೀರಿ ನನ್ನ?"

"ತಪ್ಪಾಯ್ತು. ನನ್ನ ತಮ್ಮ ಆ ತಿರುವಿನಲ್ಲಿ ದಿನಾ ಎರಡು ಸಲ ನಡೀತಾನೆ. ಒಂದು ಮಂಡಿ ಹೋಗಿದೆ. ಇನ್ನೊಂದು ಸಲ ಬಿದ್ರೆ ಮುಗೀತು. ಅದಕ್ಕೇ ಮಾಡಿದೆ. ಸರಿ ಅಂತ ಹೇಳ್ತಿಲ್ಲ."

ಚೀಫ್ ಕೊನೆಗೆ ಕೆಂಪು ಪೆನ್ಸಿಲು ತೆಗೆದುಕೊಂಡರು. ಅವಳು ಗೋಡೆ ಕಡೆ ನೋಡಿದಳು. ಪೆನ್ಸಿಲು ಹಾಳೆಯ ಮೇಲೆ ಗೀಚುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಬಲಮೂಲೆಯ ಬೋಳಿನಲ್ಲಿ ಚಿಹ್ನೆ ಬರೆದಿದ್ದರು, ಅದರ ಪಕ್ಕದಲ್ಲಿ "ಅಕ್ಷರ ಮೇಲ್ಮುಖವಾಗಿ ಉಬ್ಬಿರಬೇಕು" ಎಂದು ಬರೆದು ಸಹಿ ಮಾಡಿದ್ದರು.

"ಹೇಗೂ ಅಚ್ಚು ಹೊಸದಾಗಿ ಕೆತ್ತಬೇಕು. ಉಬ್ಬಾದ್ರೂ ಅಷ್ಟೇ ಕೆಲಸ, ತಗ್ಗಾದ್ರೂ ಅಷ್ಟೇ ಕೆಲಸ" ಎಂದರು, ಯಾರಿಗೋ ಸಮಜಾಯಿಷಿ ಕೊಡುವವರ ಹಾಗೆ. "ಆದ್ರೆ ಆ ನಾನೂರನ್ನ ಗುಜರಿಗೆ ಹಾಕೋಕೆ ನನ್ನ ಕೈಲಿ ಆಗಲ್ಲ. ಬಲದಲ್ಲಿ ಏನೂ ಕಮ್ಮಿ ಇಲ್ಲ. ವರ್ಷಾನ ತುದಿಯಲ್ಲಿ ಬಣ್ಣದಲ್ಲಿ ಬರೀತಾರೆ. ಅವು ಲೈನಿಗೆ ಹೋಗ್ಲೇಬೇಕು."

ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ಅವಳ ಕಡೆ ದಬ್ಬಿದರು. ಹೊಸ ಸ್ಲೀಪರ್ ಹೋಗಬೇಕಾದ ಮೂರು ಜಾಗಗಳ ಹೆಸರು ಅದರಲ್ಲಿತ್ತು. "ಆ ನಾನೂರು ಯಾವ ಜಾಗಕ್ಕೆ ಅಂತ ನೀವೇ ಬರ್ಕೊಂಡು ಬನ್ನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ದಾರಿ ಅದು. ಅದು ಉಪಕಾರವೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಹಲಗೆಗೆ ವಾಪಸ್ ಬಂದು ಕೂತು, ಪೆನ್ಸಿಲಿನಲ್ಲಿ ಮೂರನೇ ಜಾಗದ ಮುಂದೆ ನಾನೂರು ಎಂದು ಬರೆದಳು. ಅದು ದೂರದ ದಾರಿ. ಅಲ್ಲೂ ಒಬ್ಬ ಕೀಮನ್ ಇರುತ್ತಾನೆ, ಯಾರೋ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೇ ಆ ಹೊತ್ತಿಗೆ ಒಂದು ಸಮಾಧಾನವಾಗಿತ್ತು. ಕಾಗದ ಮಡಿಸಿ ಚೀಲದಲ್ಲಿಟ್ಟುಕೊಂಡು ಮನೆಗೆ ಹೊರಟಳು.

ಮನೆ ಅಂದರೆ ಹಳಿಗೆ ಬೆನ್ನು ಹಾಕಿದ ಎರಡು ಕೋಣೆ. ರೈಲು ಹೋದಾಗೆಲ್ಲ ಗೂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ತಮ್ಮ ಕುರ್ಚಿಯಲ್ಲಿ ಕೂತು ಮಂಡಿಯ ಮೇಲೆ ಬಿಸಿನೀರಿನ ಬಟ್ಟೆ ಇಟ್ಟುಕೊಂಡಿದ್ದ. ಅವಳು ಚೀಲ ಕೆಳಗಿಡದೆಯೇ ಎಲ್ಲವನ್ನೂ ಹೇಳಿದಳು. ಉಬ್ಬು ಯಾಕೆ ಬರೆದದ್ದು, ಚಿಹ್ನೆ ಹೇಗೆ ಅಳಿಸಿದ್ದು, ನಾನೂರು ಹೇಗೆ ಕೆಟ್ಟದ್ದು. "ನಿನ್ನ ದಾರಿಗೆ ಬರಲ್ಲ, ಹೆದರಬೇಡ. ಬೇರೆ ಕಡೆಗೆ ಬರೆದಿದ್ದೀನಿ" ಅಂದಳು.

"ಯಾವ ಕಡೆಗೆ?"

ಹೇಳಿದಳು.

ತಮ್ಮ ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದ. "ಅಲ್ಲಿರೋನಿಗೆ ಗೊತ್ತಾ ಅದು ಜಾರುತ್ತೆ ಅಂತ?"

"ಹೇಗೆ ಗೊತ್ತಿರುತ್ತೆ?"

"ಮೇಲೆ ಅಕ್ಷರ ಬರೆದಿದೆ. ಹೊಸದು. ನೋಡಿದ್ರೆ ಹಿಡಿಯುತ್ತೆ ಅಂದ್ಕೊಂಡು ಧೈರ್ಯವಾಗಿ ಕಾಲಿಡ್ತಾನೆ." ಬಟ್ಟೆಯನ್ನು ಮತ್ತೆ ಮಂಡಿಯ ಮೇಲಿಟ್ಟುಕೊಂಡ. "ನನ್ನ ದಾರಿಗೇ ಹಾಕ್ಸು ಅಕ್ಕ. ನಂಗೆ ಗೊತ್ತಿರುತ್ತೆ. ಗೊತ್ತಿಲ್ಲದೋನ ಕಾಲಡಿಗೆ ಯಾಕೆ ಹಾಕ್ತೀಯ?"

"ನಿನ್ನ ಮಂಡಿ ನೋಡ್ಕೊಳೋ."

"ನಾನೂರು ತಾನೆ? ನಾನೂರು ಹೆಜ್ಜೆ. ಎಣಿಸ್ಕೊಂಡು ದಾಟ್ತೀನಿ."

ಒಲೆ ಹತ್ತಿರ ನಿಂತಿದ್ದ ತಮ್ಮನ ಹೆಂಡತಿ ಕೈಯಲ್ಲಿದ್ದ ಸೌಟನ್ನು ಠಣ್ ಎಂದು ಕುಕ್ಕಿದಳು. "ಅಕ್ಕ ತಮ್ಮ ಇಬ್ಬರಿಗೂ ದೇವರು ಒಂದೇ ಬುದ್ಧಿ ಹಂಚಿಟ್ಟಿದ್ದಾನೆ. ಅರ್ಧ ಅರ್ಧ!" ಅಂದಳು. ಅವಳ ದನಿ ಒಡೆದಿತ್ತು. ಆಮೇಲೆ ಅವಳೇ ಮೂರು ಲೋಟ ಚಹ ತಂದಿಟ್ಟಳು.

ರಬ್ಬರಮ್ಮನಿಗೆ ತಮ್ಮನ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ತಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವನು ಇದೊಂದಕ್ಕೆ ಆಡಿಸಬಾರದಿತ್ತೇ? ಕಾಣದ ಮನುಷ್ಯನೊಬ್ಬನ ಕಾಲನ್ನು ಕೊಟ್ಟು ಇವನ ಕಾಲನ್ನು ಉಳಿಸಿಕೊಳ್ಳಲು ಹೊರಟಿದ್ದೆನಲ್ಲ ಅಂತ ನಾಚಿಕೆಯೂ ಆಯಿತು. ಅಪ್ಪ ಇದ್ದಿದ್ದರೆ ಅವನೂ ತಮ್ಮನ ಮಾತನ್ನೇ ಆಡುತ್ತಿದ್ದ, ಇನ್ನೂ ಜೋರಾಗಿ ಆಡುತ್ತಿದ್ದ. ಚಹ ಕುಡಿದು ಮುಗಿಸಿ ಚೀಲದಿಂದ ಕಾಗದ ತೆಗೆದಳು. ರಬ್ಬರನ್ನೂ ತೆಗೆದಳು. ಮೂರನೇ ಜಾಗದ ಮುಂದಿದ್ದ ನಾನೂರನ್ನು ಗುರುತು ಉಳಿಯದ ಹಾಗೆ ಅಳಿಸಿದಳು. ಸೇತುವೆ ಪಕ್ಕದ ತಿರುವಿನ ಮುಂದೆ ಅದೇ ಸಂಖ್ಯೆಯನ್ನು ಶಾಯಿಯಲ್ಲಿ ಬರೆದಳು. ಪುಡಿಯನ್ನು ಅಂಗೈಗೆ ಗುಡಿಸಿಕೊಂಡು ಹೊರಗೆ ಎಸೆದು ಬಂದಳು.

ನಾಲ್ಕು ತಿಂಗಳ ಮೇಲೆ ತಿರುವಿನಲ್ಲಿ ಹೊಸ ಸ್ಲೀಪರುಗಳು ಬಿದ್ದವು. ಸೇತುವೆಯ ಕಡೆಯಿಂದ ಮೊದಲ ನಾನೂರು ತಗ್ಗಿನವು, ಅಲ್ಲಿಂದ ಮುಂದೆ ತಮ್ಮನ ದಾರಿಯುದ್ದಕ್ಕೂ ಉಬ್ಬಿನವು. ಮಳೆ ಹಿಡಿದ ಒಂದು ಬೆಳಿಗ್ಗೆ ಅವಳು ರಜೆ ಹಾಕಿ, ಕೊಡೆ ಹಿಡಿದು, ತಮ್ಮನ ಹಿಂದೆ ಹೊರಟಳು. "ನಿಂಗೆ ಯಾಕೆ ಈ ಉಸಾಬರಿ?" ಎಂದು ಅವನು ಗೊಣಗಿದ, ಬೇಡ ಅನ್ನಲಿಲ್ಲ.

ತಿರುವು ಬಂತು. ಉಲ್ಟಾ ಅಕ್ಷರಗಳ ತುಂಬ ನೀರು ನಿಂತಿತ್ತು, ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ತಮ್ಮ ಸುತ್ತಿಗೆಯನ್ನು ಊರುಗೋಲಿನ ಹಾಗೆ ಹಿಡಿದು, ಮೊದಲು ಹಿಮ್ಮಡಿ, ಆಮೇಲೆ ಪಾದ, ಅದು ನಿಂತಿತು ಅನ್ನಿಸಿದ ಮೇಲೆ ಇನ್ನೊಂದು ಕಾಲು, ಹೀಗೆ ಇಟ್ಟುಕೊಂಡು ಹೋದ. ಬಾಯಲ್ಲಿ ಎಣಿಸುತ್ತಿದ್ದ. ನೂರ ಎಂಬತ್ತರ ಹತ್ತಿರ ಒಮ್ಮೆ ಕಾಲು ಒಂದು ಗೇಣು ಸರಿಯಿತು. ಅವನು ಹಳಿಗೆ ಕೈ ಊರಿ ನಿಂತ. ಅವಳು ಕೊಡೆ ಮಡಿಸಿ ಕಂಕುಳಲ್ಲಿ ಸಿಕ್ಕಿಸಿಕೊಂಡಳು, ಎರಡೂ ಕೈ ಖಾಲಿ ಇರಲಿ ಎಂದು. ತಾನು ಬರೆದ ಅಕ್ಷರಗಳ ಮೇಲೆ ತಾನೇ ಕೂಸಿನ ಹಾಗೆ ಹೆಜ್ಜೆ ಇಡುತ್ತಾ ಹಿಂದೆ ನಡೆದಳು. ನಾನೂರು ಹೆಜ್ಜೆಗೆ ಅವರಿಗೆ ಅರ್ಧ ಗಂಟೆಯ ಹತ್ತಿರ ಹಿಡಿಯಿತು. ಅವಳ ಬಟ್ಟೆ ಪೂರ್ತಿ ನೆನೆದಿತ್ತು.

ನಾನೂರ ಒಂದನೆಯದರ ಮೇಲೆ ತಮ್ಮ ನಿಂತು ಒದ್ದು ನೋಡಿದ. ಬೂಟು ಅಲ್ಲಾಡಲಿಲ್ಲ. ಇನ್ನೊಂದು ಸಲ, ಬೇಕೆಂದೇ ಜಾರಿಸಲು ನೋಡಿದ. ಅಕ್ಷರಗಳು ಹಿಡಿದುಕೊಂಡವು. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

"ಬಾ ಅಕ್ಕ. ಇಲ್ಲಿಂದ ಮುಂದಿಂದು ನಿಂದು."

"ಹಿಂದಿಂದೂ ನಂದೇ ಕಣೋ" ಅಂದಳು ಅವಳು.

ತಮ್ಮ ಕೈ ಕೊಟ್ಟು ಅವಳನ್ನು ಮೇಲಕ್ಕೆ ಎಳೆದುಕೊಂಡ. ಪಕ್ಕದ ಕೀಲಿಯೊಂದನ್ನು ಸುತ್ತಿಗೆಯಿಂದ ತಟ್ಟಿ ನೋಡಿ, ಮಾಮೂಲಿ ವೇಗದಲ್ಲಿ ಮುಂದೆ ನಡೆದ. ಸಂಜೆ ವಾಪಸ್ ಬರುವಾಗ ಇಬ್ಬರೂ ಆ ನಾನೂರನ್ನು ಮತ್ತೆ ದಾಟಬೇಕಿತ್ತು.